ಬಲಗಾಲಿನ ತಂತಿ

"ಎರಡೂ ಕಾಲು ಪೆಡಲ್ ಮೇಲಿರಲಿ ಸಾರ್. ಒತ್ತಬೇಡಿ, ಸುಮ್ನೆ ಇಟ್ಕೊಳ್ಳಿ. ನಿದ್ದೆ ಮಾಡ್ತಿರೋ ಮಗು ಮೇಲೆ ಕೈ ಇಟ್ಟಂಗೆ."

ರಬ್ಬರ್ ಕೊಳವೆಯಿಂದ ಬಂದ ಜಗದಾಂಬಾಳ ದನಿ ಇನ್‌ಸ್ಪೆಕ್ಟರ್ ಸೋಮಲಿಂಗಪ್ಪನ ಕಿವಿಯಲ್ಲಿ ಗುಂಯ್‌ಗುಟ್ಟಿತು. ಹಾರಿಸುವ ಅವಳು ಹಿಂದಿನ ಸೀಟಿನಲ್ಲಿ, ಅವನು ಮುಂದಿನ ಸೀಟಿನಲ್ಲಿ. ಮಾತಾಡಬೇಕಾದರೆ ಆ ಕೊಳವೆಯೊಂದೇ ದಾರಿ.

"ಇಟ್ಟಿದೀನಿ," ಎಂದ.

ನಲವತ್ತಾರು ವರ್ಷದಲ್ಲಿ ಅವನು ಹತ್ತಿದ್ದ ಅತಿ ಎತ್ತರದ ಜಾಗ ಶಿವಗಂಗೆ ಬೆಟ್ಟ. ಈಗ ಕೂತಿದ್ದದ್ದು ಮಹಾಯುದ್ಧದ ಕಾಲದ ಟೈಗರ್ ಮಾತ್ ವಿಮಾನದಲ್ಲಿ. ಮರದ ಪಟ್ಟಿ, ಅದಕ್ಕೆ ಹೊದಿಸಿದ ಬಟ್ಟೆ, ಮೇಲೊಂದು ಕೆಳಗೊಂದು ರೆಕ್ಕೆ, ಎಲ್ಲವನ್ನೂ ಹಿಡಿದಿಟ್ಟ ತಂತಿಗಳು. ತಲೆಯ ಮೇಲೆ ಸೂರಿಲ್ಲ.

ಮೂತಿಯ ಮುಂದೆ ಮೆಕ್ಯಾನಿಕ್ ಪಂಚಾಕ್ಷರಿ ನಿಂತಿದ್ದ. ನಾಯಂಡಹಳ್ಳಿಯಲ್ಲಿ ಅವನದೊಂದು ಲಾರಿ ವರ್ಕ್‌ಶಾಪ್. ವಾರಕ್ಕೆರಡು ದಿನ ಕೆಂಗೇರಿಯಾಚೆಯ ಈ ಹುಲ್ಲು ಮೈದಾನಕ್ಕೆ ಬಂದು ವಿಮಾನಗಳ ರಿಪೇರಿ ನೋಡಿಕೊಳ್ಳುತ್ತಿದ್ದ.

"ಸ್ವಿಚ್ ಆನ್!" ಎಂದು ಕೂಗಿ ಪ್ರೊಪೆಲ್ಲರನ್ನು ಎರಡೂ ಕೈಯಿಂದ ಕೆಳಗೆಳೆದ. ಎಂಜಿನ್ ಕೆಮ್ಮಿತು, ಹೊಗೆಯುಗುಳಿತು, ಹಿಡಿದುಕೊಂಡಿತು.

ಹನ್ನೊಂದು ದಿನದ ಹಿಂದೆ, ಇದರ ಜೋಡಿ ವಿಮಾನವನ್ನು ಇದೇ ಮೈದಾನದಲ್ಲಿ ಇಳಿಸುವಾಗ ಅದು ಪಕ್ಕಕ್ಕೆ ಮಗುಚಿ ಕ್ಯಾಪ್ಟನ್ ಹನುಮಂತಯ್ಯ ಸತ್ತಿದ್ದರು. ಅಡ್ಡಗಾಳಿ ಎಂದು ಊರೆಲ್ಲ ಹೇಳಿತ್ತು, ಸೋಮಲಿಂಗಪ್ಪ ಮಾತ್ರ ಒಪ್ಪಿರಲಿಲ್ಲ.

ಒಪ್ಪುವುದು ಹೇಗೆ? ಮೈದಾನ ಇದ್ದದ್ದು ಹನುಮಂತಯ್ಯನವರ ಪಿತ್ರಾರ್ಜಿತ ಹೊಲದಲ್ಲಿ. ಇಪ್ಪತ್ತೈದು ಆಷಾಢದ ಗಾಳಿಯನ್ನು ಅವರು ಇಲ್ಲೇ ಕಂಡಿದ್ದರು. ಮುರಿದ ವಿಮಾನದಲ್ಲಿ ಬಲ ಪೆಡಲಿನಿಂದ ಬಾಲಕ್ಕೆ ಹೋಗುವ ತಂತಿ ತುಂಡಾಗಿತ್ತು. ತುದಿ ಕೆಸರಲ್ಲಿ ಅರೆದುಹೋಗಿದ್ದರಿಂದ ಕಿತ್ತದ್ದೋ ಕೊಯ್ದದ್ದೋ ತಿಳಿಯುವಂತಿರಲಿಲ್ಲ. "ಬಿದ್ದ ಏಟಿಗೆ ಕಿತ್ತಿದೆ ಸಾರ್," ಎಂದಿದ್ದ ಪಂಚಾಕ್ಷರಿ.

ಆ ತಂತಿ ಯಾವಾಗ ಯಾವ ಕೆಲಸ ಮಾಡುತ್ತದೆಂದು ತಿಳಿಯದೆ ಮುಂದಿನ ಹೆಜ್ಜೆ ಇಡುವಂತಿರಲಿಲ್ಲ. ಅದಕ್ಕೇ ನಿನ್ನೆ ಸಂಜೆ ಹನುಮಂತಯ್ಯನವರ ಶಿಷ್ಯೆಯನ್ನು ಕೇಳಿದ್ದ: "ನನ್ನನ್ನ ಒಂದ್ಸಲ ಮೇಲೆ ಕರ್ಕೊಂಡು ಹೋಗ್ತೀರಾ?"

ಜಗದಾಂಬಾಗೆ ಇಪ್ಪತ್ತೊಂಬತ್ತು ವರ್ಷ. ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಲೆಕ್ಕದ ಟೀಚರ್. ಹೆಚ್ಚಾಗಿ ಭಾನುವಾರಗಳಲ್ಲಿ ಪೈಲಟ್. ಅರೆಗಳಿಗೆ ಅವನ ಮುಖ ನೋಡಿ, "ನಾಳೆ ಗಾಳಿ ಜೋರಿರತ್ತೆ. ಅದೇ ಒಳ್ಳೇದು," ಎಂದಿದ್ದಳು.

ವಿಮಾನ ಹುಲ್ಲಿನ ಮೇಲೆ ಕುಪ್ಪಳಿಸುತ್ತ ಓಡಿತು. ಹಲ್ಲು ಹಲ್ಲಿಗೆ ಬಡಿಯಿತು. ಆಮೇಲೆ ಇದ್ದಕ್ಕಿದ್ದಂತೆ ಕುಪ್ಪಳಿಕೆ ನಿಂತುಹೋಯಿತು.

ನೆಲ ಕೆಳಗಿಳಿಯುತ್ತಿತ್ತು. ತಾನು ಮೇಲೇರುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲೇ ಇಲ್ಲ.

"ಯಪ್ಪಾ ಶಿವನೇ!" ಗದಗ ಬಿಟ್ಟು ಇಪ್ಪತ್ತು ವರ್ಷವಾಗಿದ್ದರೂ ಬಾಯಿಂದ ಹೊರಟದ್ದು ಊರಿನ ಉದ್ಗಾರ. ಕೈ ತಾನಾಗಿ ಅಂಗಿಯೊಳಗಿನ ಲಿಂಗದ ಕರಡಿಗೆಯನ್ನು ಮುಟ್ಟಿತು.

"ಕೇಳಿಸ್ತು ಸಾರ್," ಎಂದಿತು ಕೊಳವೆ. ನಗುವಿತ್ತು.

ಎಡಕ್ಕೆ, ಬಹುದೂರದಲ್ಲಿ, ಸಾವನದುರ್ಗ ಒಂದೇ ಕಲ್ಲಾಗಿ ಮೋಡದ ನೆರಳಲ್ಲಿ ಕೂತಿತ್ತು. ಬಲಕ್ಕೆ ಮೈಸೂರು ರಸ್ತೆ, ಅದರ ಪಕ್ಕ ಬೆಳ್ಳಗೆ ಹೊಳೆವ ವೃಷಭಾವತಿ. ನಾಯಂಡಹಳ್ಳಿಯ ಹೆಂಚಿನ ಸಾಲು. ಅದರಾಚೆ ವಿಜಯನಗರದ ಹೊಸ ಸೈಟುಗಳು, ರಾಗಿ ಹೊಲದ ಮೇಲೆ ಯಾರೋ ದಾರ ಹಿಡಿದು ಚೌಕ ಎಳೆದಂತೆ. ಇನ್ನೂ ಆಚೆಗೆ ಮಸುಕಾಗಿ ಕಾಣುವುದೇ ರಾಜಾಜಿನಗರ. ಅಲ್ಲೆಲ್ಲೋ ಅವನ ಹೆಂಡತಿ ಶಿವಗಂಗಮ್ಮ ರೊಟ್ಟಿ ಬಡಿಯುತ್ತಿರಬೇಕು. ಅವಳಿಗೆ ಹೇಳದೆ ಬಂದಿದ್ದ.

ಇಪ್ಪತ್ತು ವರ್ಷ ಜೀಪಿನಲ್ಲಿ, ಸೈಕಲ್ಲಿನಲ್ಲಿ, ಕಾಲ್ನಡಿಗೆಯಲ್ಲಿ ಸುತ್ತಿದ ಊರು. ಕಳ್ಳತನ, ಕುತ್ತಿಗೆ ಕುಯ್ದ ಕೇಸು, ಗಂಡಹೆಂಡಿರ ಜಗಳ ಎಲ್ಲವೂ ಆ ಚಾವಣಿಗಳ ಕೆಳಗೆ. ಇಲ್ಲಿಂದ ಒಂದೂ ಕಾಣುತ್ತಿರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ಗಾಳಿಗೆ ಎಂದುಕೊಂಡ.

"ಈಗ ಮೂತಿ ನೋಡಿ ಸಾರ್. ಆಮೇಲೆ ಕೆಳಗೆ ನಮ್ಮ ಮೈದಾನ ನೋಡಿ."

ಮೈದಾನ ತೆಂಕಲಿಂದ ಬಡಗಲಿಗೆ ಹಸಿರು ಪಟ್ಟಿಯಂತೆ ಬಿದ್ದಿತ್ತು. ವಿಮಾನ ಅದರ ನೇರಕ್ಕೇ ಸಾಗುತ್ತಿತ್ತು. ಆದರೆ ಮೂತಿ ಮಾತ್ರ ಓರೆಯಾಗಿ ಎಡಕ್ಕೆ ತಿರುಗಿತ್ತು! ಎತ್ತೊಂದು ತಲೆ ಪಕ್ಕಕ್ಕೆ ಹೊರಳಿಸಿಕೊಂಡು ನೇರ ನಡೆದ ಹಾಗೆ.

"ಗಾಳಿ ಪಡುವಣದಿಂದ ಬೀಸ್ತಾ ಇದೆ. ಮೂತೀನ ಅದರ ಕಡೆ ಹಿಡಿದಿಲ್ಲ ಅಂದ್ರೆ ನಮ್ಮನ್ನ ಎತ್ಕೊಂಡು ಹೋಗಿ ಮಾವಿನ ತೋಪಿಗೆ ಹಾಕತ್ತೆ. ಇಳಿಯೋವಾಗ್ಲೂ ಹಿಂಗೇ ಓರೆಯಾಗಿ ಬರ್ತೀವಿ. ಆದ್ರೆ ನೆಲ ಮುಟ್ಟೋವಾಗ ಚಕ್ರ ನೇರ ಇರ್ಬೇಕಲ್ಲ?"

"ಇರ್ಬೇಕು."

"ಅದಕ್ಕೆ, ನೆಲ ಇನ್ನೊಂದು ಆಳೆತ್ತರ ಇದೆ ಅನ್ನೋವಾಗ ಬಲಗಾಲು ಪೂರ್ತಿ ಒತ್ತಿ ಮೂತಿ ನೇರ ಮಾಡ್ತೀವಿ. ಬೇಗ ಒತ್ತಿದ್ರೆ ಗಾಳಿ ತಳ್ಳತ್ತೆ. ತಡ ಮಾಡಿದ್ರೆ ಚಕ್ರ ಅಡ್ಡ ಬಿದ್ದು ಮಗುಚ್ಕೊಳ್ಳತ್ತೆ. ಒಂದು ಚಿಟಿಕೆ ಹೊಡೆಯೋಷ್ಟು ಹೊತ್ತು ಅಷ್ಟೇ."

"ಅಲ್ಲಿವರೆಗೂ ಬಲಗಾಲಿಗೆ ಕೆಲಸ?"

"ಅಷ್ಟೇನಿಲ್ಲ. ಹಗುರಾಗಿ ಮುಟ್ತಿದ್ರೆ ಸಾಕು."

ಸೋಮಲಿಂಗಪ್ಪನ ಬೆನ್ನು ನೆಟ್ಟಗಾಯಿತು.

ಹಾಗಾದರೆ ಅರ್ಧಕ್ಕೆ ಕೊಯ್ದಿಟ್ಟ ತಂತಿ ಇಡೀ ಹಾರಾಟವನ್ನು ತಡೆದುಕೊಂಡೀತು. ಮೇಲೆ ಎಲ್ಲ ಸರಿಯಿರುತ್ತದೆ. ಇಳಿಯುವಾಗ, ಪೂರ್ತಿ ಬಲ ಬಿದ್ದ ಆ ಚಿಟಿಕೆಯಷ್ಟು ಹೊತ್ತಿನಲ್ಲಿ, ಅದು ಕೈಕೊಡುತ್ತದೆ. ಆಗ ಏನು ಮಾಡಲೂ ಸಮಯವಿಲ್ಲ. ನೋಡಿದವರೆಲ್ಲ ಗಾಳಿ ಅನ್ನುತ್ತಾರೆ.

ಕೊಂದವನು ಆಷಾಢ ಬರಲೆಂದು ಕಾದಿದ್ದ.

"ಮೇಡಂ, ಇಲ್ಲೇ ಒಂದ್ಸಲ ಪೂರ್ತಿ ಒತ್ತಿ ತೋರಿಸ್ತೀರಾ? ನನ್ನ ಕಾಲಿಗೆ ಗೊತ್ತಾಗ್ಬೇಕು."

"ಮೇಲೆ ಯಾರೂ ಹಂಗೆ ಒತ್ತಲ್ಲ ಸಾರ್, ವಿಮಾನ ಪಕ್ಕಕ್ಕೆ ಜಾರತ್ತೆ. ಸರಿ, ಗಟ್ಟಿಯಾಗಿ ಕೂತ್ಕೊಳ್ಳಿ."

ಅವನ ಬೂಟಿನ ಕೆಳಗೆ ಬಲ ಪೆಡಲ್ ಮುಂದಕ್ಕೆ ಸರಿಯಿತು. ಇನ್ನೂ ಸರಿಯಿತು. ಮೂತಿ ನಿಧಾನವಾಗಿ ಬಲಕ್ಕೆ ಹೊರಳಿತು.

ಟಣ್!

ಬಾಲದ ಕಡೆಯಿಂದ ಬಂದ ಸದ್ದು. ಪೆಡಲ್ ದಡಕ್ಕನೆ ಕೊನೆಯವರೆಗೂ ಹೋಗಿ ಬಿತ್ತು. ಅದರಲ್ಲಿ ಜೀವವಿರಲಿಲ್ಲ.

ಎಂಜಿನ್ನಿನ ಸದ್ದು, ತಂತಿಗಳ ನಡುವೆ ಗಾಳಿಯ ಸಿಳ್ಳು. ಅಷ್ಟೇ.

"ಮೇಡಂ?"

"ಕಾಲು ತೆಗೀರಿ ಸಾರ್. ಎರಡೂ." ದನಿ ಸಮವಾಗಿತ್ತು, ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಡುವ ಹಾಗೆ. "ಬಲಗಾಲಿನ ತಂತಿ ಹೋಯ್ತು."

"ಈಗ?"

"ಈ ಗಾಳೀಲಿ ಮೈದಾನದಲ್ಲಿ ಇಳಿಯೋಕಾಗಲ್ಲ. ಗಾಳಿಗೆ ಎದುರಾಗಿ ಇಳೀಬೇಕು. ಮೂತಿ ಗಾಳಿ ಕಡೆಗೇ ಇದ್ರೆ ಕೊನೇಲಿ ನೇರ ಮಾಡೋ ಪ್ರಶ್ನೇನೇ ಬರಲ್ಲ. ಹನುಮಂತಯ್ಯ ಮೇಷ್ಟ್ರು ಹೇಳ್ಕೊಟ್ಟಿದ್ರು. ಮಾಡಿಸಿರ್ಲಿಲ್ಲ."

ಸೋಮಲಿಂಗಪ್ಪ ಕೆಳಗೆ ನೋಡಿದ. ಮೂಡಲಿಂದ ಪಡುವಲಿಗೆ ಉದ್ದಕ್ಕಿರುವ ಜಾಗ ಎಲ್ಲಿದೆ? ತೋಪು, ಬೇಲಿ, ಹೊಲದ ಬದು, ಮತ್ತೆ ತೋಪು.

"ಕೆರೆ," ಎಂದಳು ಅವಳು.

ಊರ ಕೆರೆಗೆ ಇನ್ನೂ ನೀರು ಬಂದಿರಲಿಲ್ಲ. ನಡುವೆ ಒಂದಿಷ್ಟು ಕೆಸರು, ಸುತ್ತ ಒಣಗಿದ ಅಂಗಳ. ಅದರ ಮೂಡಣ ತುದಿಗೆ ಏರಿ, ಏರಿಯ ಮೇಲೆ ಹುಣಸೆಮರಗಳ ಸಾಲು. ಮರಗಳ ಮೇಲಿಂದ ಬಂದು, ಕೆಸರು ಸಿಗುವ ಮೊದಲು ನಿಲ್ಲಬೇಕು.

"ದನ ಇದಾವೆ ಅಲ್ಲಿ!" ಎಂದು ಕೂಗಿದ.

"ನೋಡ್ದೆ. ಒಂದ್ಸಲ ಮೇಲಿಂದ ಸುತ್ತಿದ್ರೆ ಓಡಿಸ್ತಾರೆ."

ಕೆರೆಯ ಮೇಲೆ ತಗ್ಗಿನಲ್ಲಿ ಒಂದು ಸುತ್ತು ಹಾರಿದಳು. ಕೆಂಪು ಸೀರೆಯ ಮುದುಕಿಯೊಬ್ಬಳು ತಲೆಯೆತ್ತಿ ನೋಡಿದಳು. ಮರುಗಳಿಗೆ ಕೋಲು ಬೀಸುತ್ತ ದನಗಳನ್ನು ದಡಕ್ಕೆ ಅಟ್ಟಿದಳು. ಯಾರೂ ಹೇಳಿಕೊಡದೆ ಆ ಹೆಂಗಸಿಗೆ ಅದು ಹೇಗೆ ತಿಳಿಯಿತು!

ಪೆಡಲ್ ಮುಟ್ಟದೆ, ಕೈಯಲ್ಲಿನ ಕಂಟ್ರೋಲ್ ಕೋಲೊಂದರಿಂದಲೇ ರೆಕ್ಕೆಯನ್ನು ಒಂದಿಷ್ಟು ಒಂದಿಷ್ಟೇ ವಾಲಿಸಿ ಜಗದಾಂಬಾ ವಿಮಾನವನ್ನು ತಿರುಗಿಸಿದಳು. ದೊಡ್ಡ ಸುತ್ತು, ಸೋಮಾರಿ ಹದ್ದಿನಂತೆ. ಮೂತಿ ಪಡುವಣಕ್ಕೆ ಬಂದು ನಿಂತಿತು.

ಆಗ ಆದದ್ದನ್ನು ಸೋಮಲಿಂಗಪ್ಪ ಎಂದೂ ಮರೆಯಲಾರ. ಇಷ್ಟು ಹೊತ್ತು ಪಕ್ಕದಿಂದ ಗುದ್ದುತ್ತಿದ್ದ ಗಾಳಿ ಎದುರಿಗೆ ಬಂದಿದ್ದೇ ತಡ, ವಿಮಾನದ ನಡುಕ ನಿಂತಿತು. ನೆಲ ಓಡುವುದನ್ನು ಬಿಟ್ಟು ನಡೆಯತೊಡಗಿತು. ಗಾಳಿ ಎರಡು ಕೈ ಚಾಚಿ ಅವರನ್ನು ಎತ್ತಿ ಹಿಡಿದಂತಿತ್ತು.

ಹುಣಸೆಮರದ ತುದಿ ಚಕ್ರವನ್ನು ಸವರಿತು. ಎಂಜಿನ್ ಸದ್ದಡಗಿತು. ಏರಿ ದಾಟಿತು. ಮೂತಿ ಎದ್ದಿತು. ಇನ್ನೂ ಎದ್ದಿತು.

ಚಕ್ರ ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ. ಒಣಗಿದ ಜೊಂಡು ಕೆಳಗೆ ಚರಚರ ಅಂದದ್ದರಿಂದ ಗೊತ್ತಾಯಿತು. ನಲವತ್ತು ಮಾರು ಓಡಿ ವಿಮಾನ ನಿಂತಿತು. ಕೆಸರು ಇನ್ನೂ ಹತ್ತು ಹೆಜ್ಜೆ ಆಚೆಗಿತ್ತು.

ಸೋಮಲಿಂಗಪ್ಪ ಕೆಳಗಿಳಿದ. ರೆಕ್ಕೆ ಹಿಡಿದು ನಿಂತ. ಜಗದಾಂಬಾ ಚರ್ಮದ ಟೋಪಿ ತೆಗೆದು ಜಡೆ ಹಿಂದಕ್ಕೆ ಎಸೆದಳು.

ಅವನು ಅವಳಿಗೆ ಕೈ ಮುಗಿದ.

"ಅಯ್ಯೋ, ಬೇಡಿ ಸಾರ್."

ಕೆಂಪು ಸೀರೆಯ ಮುದುಕಿ ಏದುಸಿರು ಬಿಡುತ್ತ ಬಂದಳು. ಹನುಮಂತಯ್ಯನವರ ಅಕ್ಕ ಮುನಿತಾಯಮ್ಮ. ಬಂದವಳೇ ವಿಮಾನದ ಬಟ್ಟೆಯ ಮೈಯನ್ನು ದನದ ಮೈ ಸವರುವಂತೆ ಸವರಿದಳು.

"ನನ್ ತಮ್ಮ ಒಂದ್ಸಲ ಇಲ್ಲೇ ಇಳಿಸಿದ್ದ ಕಣವ್ವಾ. ಬರಗಾಲದ ವರ್ಸ. ಅವತ್ತೂ ಹಿಂಗೇ ದನ ಒಡ್ಕಂಡ್ ಹೋಗಿದ್ದೆ," ಎಂದಳು. "ನೀನೂ ಅವ್ನಂಗೇ ಮಾಡ್ಬುಟ್ಟೆ."

ಸೋಮಲಿಂಗಪ್ಪ ಬಾಲದ ಬಳಿ ಹೋದ. ಬಲಗಡೆಯ ತಂತಿ ಜೋತಾಡುತ್ತಿತ್ತು. ಈ ತುದಿಗೆ ಕೆಸರಿಲ್ಲ, ಏಟಿಲ್ಲ. ಏಳು ಎಳೆ ಹೊಸೆದ ಉಕ್ಕಿನ ತಂತಿ. ಬಿಸಿಲಿಗೆ ಹಿಡಿದ.

ಮೂರು ಎಳೆಗಳ ತುದಿ ಸೂಜಿಯಂತೆ ಮೊನಚು. ಅವು ಎಳೆತಕ್ಕೆ ಸಿಕ್ಕಿ ಸಣಕಲಾಗಿ ಕಿತ್ತವು. ಉಳಿದ ನಾಲ್ಕರ ತುದಿ ಚಪ್ಪಟೆ, ಒಂದೇ ಸಮ. ಹೊಳೆಯುತ್ತಿತ್ತು. ಆ ಹೊಳಪಿನ ಮೇಲೆ ಕಪ್ಪು ಗ್ರೀಸ್ ಬಳಿದು ಯಾರೋ ಮುಚ್ಚಿದ್ದರು.

"ಅರ ಹಾಕಿ ಕೊಯ್ದಿದಾರೆ," ಎಂದ ಮೆಲ್ಲಗೆ.

ಜಗದಾಂಬಾ ಬಾಯಿಗೆ ಕೈ ಅಡ್ಡ ಹಿಡಿದಳು.

ಅಷ್ಟರಲ್ಲಿ ಏರಿಯ ಮೇಲೆ ಸೈಕಲ್ ಕಾಣಿಸಿತು. ಪಂಚಾಕ್ಷರಿ. ಇಳಿಜಾರಿನಲ್ಲಿ ಸೈಕಲ್ ಬಿಸಾಕಿ ಓಡಿ ಬಂದ. ಬೆವರು ಸುರಿಯುತ್ತಿತ್ತು.

"ಏನಾಯ್ತು ಮೇಡಂ? ಇಲ್ಲಿ ಯಾಕೆ ಇಳಿಸಿದ್ರಿ?"

ಸೋಮಲಿಂಗಪ್ಪ ತಂತಿಯನ್ನು ಅವನ ಮುಖದ ಮುಂದೆ ಹಿಡಿದ. "ನಿನ್ನೆ ಸಂಜೆ ಇದನ್ನ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಸಹಿ ಹಾಕಿದೋರು ಯಾರು?"

ಪಂಚಾಕ್ಷರಿ ತಂತಿಯ ತುದಿ ನೋಡಿದ. ಬೆರಳಿಂದ ಮುಟ್ಟಿದ. ಅವನ ಮುಖ ಬಿಳಿಚಿಕೊಂಡಿತು.

"ನಾನು," ಎಂದ.

"ನಾವು ಹಾರೋ ವಿಷಯ ಗೊತ್ತಿದ್ದೋರು?"

"ನಾವು ಮೂರೇ ಜನ. ಶೆಡ್ಡಲ್ಲಿ ಬೇರೆ ಯಾರೂ ಇರ್ಲಿಲ್ಲ."

"ವರ್ಕ್‌ಶಾಪಿನಲ್ಲಿ ಅರ ಇಟ್ಕೊಂಡಿದೀರಿ. ಯಾವ ತಂತಿ ಯಾವಾಗ ಬಿಗಿಯಾಗತ್ತೆ ಅಂತ ಗೊತ್ತಿದೆ. ಹನುಮಂತಯ್ಯನವರ ವಿಮಾನಕ್ಕೂ ನಿಮ್ಮದೇ ಸಹಿ."

"ನನ್ನದೇ." ಪಂಚಾಕ್ಷರಿ ಕಣ್ಣು ತಗ್ಗಿಸಲಿಲ್ಲ. "ಸಾರ್, ನಿನ್ನೆ ಪ್ರತಿ ಎಳೇನೂ ಬೆರಳಲ್ಲಿ ಸವರಿ ನೋಡಿದೀನಿ. ಗ್ರೀಸ್ ನಾನು ಹಚ್ಚಲ್ಲ, ಬೇಕಾದ್ರೆ ಇವರನ್ನ ಕೇಳಿ. ತಂತಿಗೆ ಗ್ರೀಸ್ ಹಚ್ಚಿದ್ರೆ ಧೂಳು ಕೂತು ಎಳೆ ಸವೆಯತ್ತೆ. ಶೆಡ್ಡಿಗೆ ಬಾಗಿಲಿಲ್ಲ, ಗೋಣಿ ಪರದೆ. ನಾನು ಹೋದ್ಮೇಲೆ ಯಾರು ಬಂದ್ರೋ ನನಗೆ ಹೆಂಗೆ ಗೊತ್ತಾಗ್ಬೇಕು?"

"ಹನುಮಂತಯ್ಯನವರು ಸತ್ತ ದಿನ ಎಲ್ಲಿದ್ರಿ?"

"ಹೇಳಿದ್ನಲ್ಲ ಸಾರ್. ನಾಯಂಡಹಳ್ಳೀಲಿ ಲಾರಿ ಎಂಜಿನ್ ಇಳಿಸ್ತಿದ್ದೆ. ನಾಲ್ಕು ಜನ ನೋಡಿದಾರೆ."

ಅದು ನಿಜ. ಆ ನಾಲ್ವರನ್ನೂ ಸೋಮಲಿಂಗಪ್ಪ ವಿಚಾರಿಸಿದ್ದ. ಪಕ್ಕನೆ ಅವನಿಗೆ ಇನ್ನೊಂದು ವಿಷಯ ಹೊಳೆಯಿತು.

"ಹಾಗಾದ್ರೆ ಅವತ್ತು ಪ್ರೊಪೆಲ್ಲರ್ ತಿರುಗಿಸಿದೋರು ಯಾರು? ಇವತ್ತು ನೀವು ಮುಂದೆ ನಿಂತು ಎಳೆದ್ರಿ, ಮೇಡಂ ಒಳಗೆ ಸ್ವಿಚ್ ಹಾಕಿದ್ರು. ಹನುಮಂತಯ್ಯನವರು ಒಬ್ಬರೇ ಎರಡೂ ಮಾಡೋಕಾಗತ್ತಾ?"

"ಆಗಬಾರದು ಸಾರ್. ಮೇಷ್ಟ್ರು ಎಂದೂ ಹಂಗೆ ಮಾಡೋರಲ್ಲ. ಅಂಥ ಕೆಲಸ ಮಾಡಿದ್ರೆ ನಮ್ಮನ್ನ ಬೈಯೋರು." ಪಂಚಾಕ್ಷರಿ ಜಗದಾಂಬಾಳ ಕಡೆ ತಿರುಗಿದ. "ನೀವು…?"

"ನಾನು ಸ್ಕೂಲಲ್ಲಿದ್ದೆ ಪಂಚಾಕ್ಷರಿಯಣ್ಣ."

ಅವಳು ರೆಕ್ಕೆಗೆ ಒರಗಿ ನಿಂತಿದ್ದಳು. ಏನೋ ತೀರ್ಮಾನಿಸಿದವಳಂತೆ ನೆಟ್ಟಗಾದಳು. ಸ್ವೆಟರಿನ ಕೆಳಗಿಂದ ಪುಟ್ಟ ಪರ್ಸ್ ತೆಗೆದು, ಅದರೊಳಗಿಂದ ನಾಲ್ಕು ಮಡಿಕೆಯ ಚೀಟಿ ತೆಗೆದಳು.

"ಸಾರ್, ಇದನ್ನ ನಾನು ಮುಚ್ಚಿಟ್ಟಿದ್ದೆ. ತಪ್ಪೇ. ಅವತ್ತು ಮೊದಲ ಪೀರಿಯಡ್ ಬಿಟ್ಟು ಬೆಳಗ್ಗೆ ಹಾರಬೇಕಿದ್ದೋಳು ನಾನು. ಮನೆ ಬಾಗಿಲು ತೆಗೆದ್ರೆ ಚಿಲಕದಲ್ಲಿ ಇದು ಸಿಕ್ಕಿಸಿತ್ತು. ಮೇಷ್ಟ್ರ ಅಕ್ಷರ."

ಸೋಮಲಿಂಗಪ್ಪ ಓದಿದ.

'ಜಗದಾಂಬಾ, ಇವತ್ತು ನೀನು ವಿಮಾನ ಹತ್ತಬೇಡ. ತಂತಿಯ ವಿಷಯ ನನಗೆ ಗೊತ್ತಾಗಿದೆ. ನಾನೇ ಹಾರಿ ಇದನ್ನು ಮುಗಿಸುತ್ತೇನೆ.'

"ಮುಗಿಸ್ತೀನಿ ಅನ್ನೋದನ್ನ ಓದಿ…" ಅವಳ ದನಿ ಮೊದಲ ಬಾರಿಗೆ ಒಡೆಯಿತು. "ಅವರೇ ಸಾಯೋಕೆ ಹೋದ್ರು ಅಂದ್ಕೊಂಡೆ. ಆ ಹೆಸರು ಅವರಿಗೆ ಬರಬಾರದು ಅಂತ ಯಾರಿಗೂ ತೋರಿಸ್ಲಿಲ್ಲ. ಆದ್ರೆ ಸತ್ತೋರು ನಿನ್ನೆ ಬಂದು ಈ ತಂತಿ ಕೊಯ್ಯೋಕಾಗಲ್ಲವಲ್ಲ ಸಾರ್."

ಸೋಮಲಿಂಗಪ್ಪ ಚೀಟಿಯನ್ನು ಇನ್ನೊಮ್ಮೆ ಓದಿದ. ಶಿಷ್ಯೆಯ ಜೀವಕ್ಕೆ ಇಟ್ಟ ಅಪಾಯ ಎಂದು ತಿಳಿದೂ ಅದರೊಳಗೆ ತಾನೇ ಹತ್ತಿ ಕೂತ ಮನುಷ್ಯ. ತಂತಿ ಹೋದರೂ ಕೆರೆ ಅಂಗಳದಲ್ಲಿ ಇಳಿಸಬಲ್ಲೆ ಎಂಬ ನಂಬಿಕೆ ಅವರಿಗೆ ಇದ್ದಿರಬೇಕು; ಒಮ್ಮೆ ಇಳಿಸಿಯೂ ಇದ್ದರು. ಮತ್ತೇಕೆ ಅವತ್ತು ಇಳಿಸಲಿಲ್ಲ? ಸುಮ್ಮನೆ ತಂತಿ ಬದಲಿಸುವುದು ಬಿಟ್ಟು ಮೇಲೆ ಹೋದದ್ದಾದರೂ ಏಕೆ?

"ಮುನಿತಾಯಮ್ಮನೋರೇ," ಎಂದ. "ವಿಮಾನ ಬಿದ್ದಾಗ ಮೊದಲು ಹೋದೋರು ನೀವಲ್ವಾ?"

"ನಾನೇ ಸಾಮಿ. ತೋಪಿನ ಆಚೆ ಇದ್ದೆ. ಸದ್ದು ಕೇಳಿ ಓಡ್ದೆ. ವಯಸ್ಸಾಗದೆ, ಕಾಲು ಗಂಟೆ ಆಗೋಯ್ತು."

"ಅಲ್ಲಿ ಬೇರೆ ಯಾರಾದ್ರೂ ಇದ್ರಾ?"

"ಯಾರಿಲ್ಲ. ಹಿಂದ್ಗಡೆ ಸೀಟಲ್ಲಿ ನನ್ ತಮ್ಮ ಒಬ್ನೇ. ನಿದ್ದೆ ಮಾಡ್ದಂಗಿದ್ದ. ಅವ್ನ ಮುಖ ನೋಡ್ನಾರದೆ ಮುಂದ್ಗಡೆ ಸೀಟ್ ತಾವ ಕುಂತ್ಕಂಡೆ." ಮುನಿತಾಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಅಲ್ಲೆಲ್ಲ ರಕ್ತ ಆಗಿತ್ತು. ಸೀಟು, ಗಾಜು, ಎಲ್ಲ. ಜನ ಬಂದು ನನ್ ತಮ್ಮನ್ನ ಹಂಗೆ ನೋಡ್ಬಾರ್ದು ಅಂತ ಸೆರಗಲ್ಲಿ ಒರೆಸ್ಬುಟ್ಟೆ."

ಜೊಂಡಿನ ಮೇಲೆ ಗಾಳಿ ಸುಯ್ಯೆಂದು ಹಾದುಹೋಯಿತು.

ಸೋಮಲಿಂಗಪ್ಪನ ಮೇಜಿನ ಮೇಲೆ ಡಾಕ್ಟರರ ವರದಿ ಇತ್ತು. ಹತ್ತು ಸಲ ಓದಿದ್ದ. ಹನುಮಂತಯ್ಯ ಸತ್ತದ್ದು ಕತ್ತಿನ ಮೂಳೆ ಮುರಿದು. ಅವರ ಮೈಮೇಲೆ ಎಲ್ಲೂ ಒಂದು ಗೀರು ಕೂಡ ಇರಲಿಲ್ಲ. ಅವತ್ತು ಮುಂದಿನ ಸೀಟಿನಲ್ಲಿ ಇನ್ನೊಬ್ಬರು ಕೂತಿದ್ದರು.